ಅಮ್ಮನ ಸಿಟಿ ಸ್ಕ್ಯಾನಿನಲ್ಲಿ 8 ಮಿ.ಮೀ. ಗ್ರೌಂಡ್ ಗ್ಲಾಸ್ ನಾಡ್ಯೂಲ್ (ಮಬ್ಬಾಗಿ ಕಾಣುವ ಸಣ್ಣ ಗಂಟು) ಅಂತ ಬಂದಿದೆ. ಕಾಯಬೇಕಾ, ತೆಗೆಸಬೇಕಾ?

ಪೆರ್ಲದ ಮಾಣಿ:
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಸರಿಯಾಗಿ ನಿದ್ದೆ ಇಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಅಮ್ಮನಿಗೆ 61 ವರ್ಷ. ಮೊನ್ನೆ ಮಳೆಗೆ ಅಂಗಳದ ಹಾವಸೆಯಲ್ಲಿ ಜಾರಿ ಬಿದ್ದರು. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ನೋವು ಬಿಡಲಿಲ್ಲ ಅಂತ ಮಂಗಳೂರಿಗೆ ಕರೆದುಕೊಂಡು ಹೋಗಿ ಎದೆಯ ಸಿಟಿ ಮಾಡಿಸಿದೆವು. ಪಕ್ಕೆಲುಬಿನಲ್ಲಿ ಸಣ್ಣ ಬಿರುಕು, ಅದು ಈಗ ಸರಿಯಾಗುತ್ತಾ ಬಂದಿದೆ. ಆದರೆ ರಿಪೋರ್ಟಿನ ಕೊನೆಯಲ್ಲಿ ಒಂದು ಸಾಲು: ಬಲ ಶ್ವಾಸಕೋಶದ ಮೇಲಿನ ಭಾಗದಲ್ಲಿ 8 ಮಿ.ಮೀ. ಪ್ಯೂರ್ ಗ್ರೌಂಡ್ ಗ್ಲಾಸ್ ನಾಡ್ಯೂಲ್.

ಒಬ್ಬರು ಡಾಕ್ಟ್ರು ಆರು ತಿಂಗಳು ಬಿಟ್ಟು ಇನ್ನೊಂದು ಸಿಟಿ ಮಾಡಿಸಿ ಅಂದರು, ಅಷ್ಟೇ. ಒಂದು ಮಾತ್ರೆ ಕೂಡ ಬರೆಯಲಿಲ್ಲ. ಇನ್ನೊಬ್ಬರು ಈ ವಾರವೇ ಪೆಟ್ ಸ್ಕ್ಯಾನ್, ಆಮೇಲೆ ಗಂಟಿನ ಚೂರು ತೆಗೆದು ನೋಡುವ ಬಯಾಪ್ಸಿ ಅಂದರು. ದೊಡ್ಡಪ್ಪ ಆಡುಸೋಗೆ ಕಷಾಯ ಅಂತಿದ್ದಾರೆ. ಅಮ್ಮನಿಗೆ ಕೆಮ್ಮಿಲ್ಲ, ಜ್ವರ ಇಲ್ಲ, ತೂಕ ಇಳಿದಿಲ್ಲ. ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ಯಾರ ಮಾತು ಕೇಳಲಿ?

ಕುಂಬಳೆ ಎಕ್ಸ್‌ಪ್ರೆಸ್:
ತೆಗೆಸಿ ಬಿಡಿ ಮಾರಾಯ್ರೇ. ನನ್ನ ಮಾವನಿಗೆ ನೋಡುವ ನೋಡುವ ಅಂತ ಹೇಳಿ ಎಂಟು ತಿಂಗಳಲ್ಲಿ ಕೈ ತಪ್ಪಿತು.

ಉಪ್ಪಳದ ಸಿಟಿ ಟೆಕ್ನಿಷಿಯನ್:
@ಕುಂಬಳೆ ನಿಮ್ಮ ಮಾವನಿಗೆ ಇದ್ದದ್ದು ಗ್ರೌಂಡ್ ಗ್ಲಾಸಾ, ಗಟ್ಟಿ ಗಂಟಾ? ಎರಡೂ ಒಂದೇ ಅಲ್ಲ.

ನಾನು ಡಾಕ್ಟರ್ ಅಲ್ಲ, ಮೆಷಿನ್ ನಡೆಸುವವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ದಿನಾ ಇದನ್ನೇ ನೋಡುತ್ತೇನೆ. ಡಿಸೆಂಬರ್ ಬೆಳಿಗ್ಗೆ ತೋಟಕ್ಕೆ ಮಂಜು ಕವಿದಿರುತ್ತದಲ್ಲ, ಮಂಜಿನ ಒಳಗೂ ಅಡಿಕೆ ಮರದ ಕಾಂಡ ಮಸುಕಾಗಿ ಕಾಣುತ್ತದೆ. ಗ್ರೌಂಡ್ ಗ್ಲಾಸ್ ಅಂದರೆ ಹಾಗೆ. ಮಬ್ಬು ಇದೆ, ಆದರೆ ಅದರೊಳಗೆ ರಕ್ತನಾಳ ಕಾಣುತ್ತದೆ. ಗಟ್ಟಿ ಗಂಟಾದರೆ ಗೋಡೆ ಇದ್ದ ಹಾಗೆ, ಹಿಂದಿನದು ಏನೂ ಕಾಣುವುದಿಲ್ಲ. ಪೂರ್ತಿ ಮಬ್ಬು ಇದ್ದರೆ ಪ್ಯೂರ್. ಮಬ್ಬಿನ ನಡುವೆ ಗಟ್ಟಿ ಭಾಗ ಇದ್ದರೆ ಪಾರ್ಟ್ ಸಾಲಿಡ್. ಸಾದಾ ಎಕ್ಸ್‌ರೇಯಲ್ಲಿ ಈ ಮಬ್ಬು ಕಾಣುವುದೇ ಇಲ್ಲ ಅನ್ನಿ.

ಮುಳ್ಳೇರಿಯದ ಸೊಸೆ:
ನಮ್ಮ ಅತ್ತೆಯ ರಿಪೋರ್ಟನ್ನು ನನ್ನ ಗಂಡ ಮೊಬೈಲಿನಲ್ಲಿ ಕನ್ನಡಕ್ಕೆ ತಿರುಗಿಸಿದರು. "ಶ್ವಾಸಕೋಶದಲ್ಲಿ ನೆಲದ ಗಾಜು" ಅಂತ ಬಂತು. ಅತ್ತೆ ಮೂರು ದಿನ ಮಾತೇ ಆಡಲಿಲ್ಲ. ಕೊನೆಗೆ ಮೆಲ್ಲ ಕೇಳಿದರು, "ಆ ಒಡೆದ ಚಿಮಿಣಿ ದೀಪದ ಗಾಜು ಗುಡಿಸಿದ್ದು ನಾನೇ ಅಲ್ವಾ, ಪುಡಿ ಒಳಗೆ ಹೋಗಿರಬಹುದಾ?" 😀 ಈಗ ನಗು ಬರುತ್ತದೆ, ಆಗ ಬರಲಿಲ್ಲ.

ನೀರ್ಚಾಲು ಮಾಷ್ಟ್ರು:
ಗ್ರೈಂಡ್ ಎಂಬ ಕ್ರಿಯಾಪದದಿಂದ ಬಂದದ್ದು ಅದು. ಉಜ್ಜಿದ ಗಾಜು. ಬಚ್ಚಲು ಕಿಟಕಿಗೆ ಹಾಕುವ ಮಬ್ಬುಗಾಜು ಅಂತ ಕನ್ನಡ ಮಾಡಿದರೆ ಜನ ಹೆದರುತ್ತಿರಲಿಲ್ಲ.

ದೂರದೂರಿನ ಡಾಕ್ಟರ್:
ನಾನು ಬದಿಯಡ್ಕ ಕಡೆಯವನೇ, ಈಗ ಬೇರೆ ಊರಲ್ಲಿ ಶ್ವಾಸಕೋಶದ ವಿಭಾಗದಲ್ಲಿದ್ದೇನೆ. ಸಿನಿಮಾ ನೋಡದೆ ವಿಮರ್ಶೆ ಬರೆಯಬಾರದು, ಹಾಗೆಯೇ ಸ್ಕ್ಯಾನ್ ನೋಡದೆ ಅಮ್ಮನ ಬಗ್ಗೆ ಹೇಳಲಾರೆ. ಸಾಮಾನ್ಯ ಸಂಗತಿ ಮಾತ್ರ ಹೇಳುತ್ತೇನೆ.

ಮಾಣಿ, ಈ ಮಬ್ಬು ಒಂದು ಕಾಯಿಲೆಯ ಹೆಸರಲ್ಲ. ಸೋಂಕು, ಉರಿಯೂತ, ಸಣ್ಣ ರಕ್ತಸ್ರಾವ, ಯಾವುದರಲ್ಲೂ ಹೀಗೆ ಕಾಣಬಹುದು. ಬಿದ್ದು ಎದೆಗೆ ಪೆಟ್ಟಾದವರಲ್ಲಂತೂ ಅದನ್ನೂ ಯೋಚನೆ ಮಾಡಬೇಕು. ಅಂಥವು ಕೆಲವು ತಿಂಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ. ಹೋಗದೆ ಕುಳಿತದ್ದು ಮಾತ್ರ ಅನುಮಾನದ್ದು. ಹಾಗಾಗಿ ಮೊದಲ ಪ್ರಶ್ನೆ "ಇದು ಕ್ಯಾನ್ಸರಾ" ಅಲ್ಲ, "ಇದು ಉಳಿಯುತ್ತದಾ". ಆ ಪ್ರಶ್ನೆಗೆ ಉತ್ತರ ಕೊಡುವುದು ಸಮಯ ಮಾತ್ರ. ನಿಮ್ಮ ಮೊದಲ ಡಾಕ್ಟ್ರು ಸುಮ್ನೆ ಕಳಿಸಿದ್ದಲ್ಲ, ಕಾಯುವುದೇ ಇಲ್ಲಿ ಪರೀಕ್ಷೆ.

ಫ್ಲೈಷ್ನರ್ ಸೊಸೈಟಿ ಅಂತ ಎದೆಯ ರೇಡಿಯಾಲಜಿಯವರ ಸಂಸ್ಥೆ ಇದೆ. ಅವರ 2017ರ ಸೂಚನೆಯನ್ನೇ ಹೆಚ್ಚಿನವರು ಪಾಲಿಸುತ್ತಾರೆ. ಒಂದೇ ಒಂದು ಪ್ಯೂರ್ ಗ್ರೌಂಡ್ ಗ್ಲಾಸ್ ಇದ್ದು 6 ಮಿ.ಮೀ.ಗಿಂತ ಚಿಕ್ಕದಾದರೆ ಸಾಮಾನ್ಯವಾಗಿ ಮತ್ತೆ ಸ್ಕ್ಯಾನ್ ಬೇಡ. 6 ಅಥವಾ ಅದಕ್ಕಿಂತ ದೊಡ್ಡದಾದರೆ 6ರಿಂದ 12 ತಿಂಗಳ ಒಳಗೆ ಒಂದು ಸಿಟಿ, ಉಳಿದುಕೊಂಡಿದ್ದರೆ ಎರಡು ವರ್ಷಕ್ಕೊಮ್ಮೆ, ಒಟ್ಟು ಐದು ವರ್ಷದವರೆಗೆ. ಪಾರ್ಟ್ ಸಾಲಿಡ್ ಆದರೆ ಅವಸರ ಜಾಸ್ತಿ: 3ರಿಂದ 6 ತಿಂಗಳಲ್ಲೇ ನೋಡಬೇಕು. ಅದು ಉಳಿದು, ಗಟ್ಟಿ ಭಾಗವೇ 6 ಮಿ.ಮೀ. ಅಥವಾ ಹೆಚ್ಚಿದ್ದರೆ ಗಂಭೀರವಾಗಿ ತೆಗೆದುಕೊಳ್ಳಬೇಕು. ಇದು 35 ದಾಟಿದವರಿಗೆ, ಮೊದಲು ಕ್ಯಾನ್ಸರ್ ಆಗಿಲ್ಲದವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿಲ್ಲದವರಿಗೆ. ಅಮ್ಮನಿಗೆ ಆ ಥರ ಹಿನ್ನೆಲೆ ಏನಾದರೂ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ.

ಕುಂಬಳೆ ಎಕ್ಸ್‌ಪ್ರೆಸ್:
ಐದು ವರ್ಷ! ಕ್ಯಾನ್ಸರನ್ನು ಐದು ವರ್ಷ ಹೊಟ್ಟೆಗೆ ಹಾಕಿಕೊಂಡು ಕೂರುವುದಾ? ಸರ್, ನಿಮ್ಮ ಸ್ವಂತ ತಾಯಿಯಾಗಿದ್ದರೆ ಹೀಗೆ ಹೇಳುತ್ತಿದ್ದಿರಾ?

ದೂರದೂರಿನ ಡಾಕ್ಟರ್:
ಹೇಳುತ್ತಿದ್ದೆ. ಕಾರಣ ಕೇಳಿ.

ಗಂಟು ದುಪ್ಪಟ್ಟಾಗಲು ಎಷ್ಟು ದಿನ ಬೇಕು ಅಂತ ಜಪಾನಿನವರು ಲೆಕ್ಕ ಹಾಕಿ 2000ದಲ್ಲಿ ಪ್ರಕಟಿಸಿದರು. ಅದೂ ಕ್ಯಾನ್ಸರ್ ಅಂತ ಖಚಿತವಾದ ಗಂಟುಗಳಲ್ಲಿ. ಗಟ್ಟಿ ಗಂಟಿಗೆ ಸರಾಸರಿ 149 ದಿನ, ಪಾರ್ಟ್ ಸಾಲಿಡ್‌ಗೆ 457, ಪ್ಯೂರ್ ಗ್ರೌಂಡ್ ಗ್ಲಾಸ್‌ಗೆ 813. ಎರಡು ವರ್ಷಕ್ಕಿಂತ ಜಾಸ್ತಿ ಆಯಿತು. ದುಪ್ಪಟ್ಟು ಅಂದರೆ 8 ಹೋಗಿ 16 ಆಗುವುದಲ್ಲ. ಅದು ಘನಗಾತ್ರದ ಮಾತು. ಅಡ್ಡಳತೆಯಲ್ಲಿ 8 ಇದ್ದದ್ದು 10 ಆಗುತ್ತದೆ, ಅಷ್ಟೇ. 2 ಮಿ.ಮೀ. ಹೆಚ್ಚಾದರೆ ಮಾತ್ರ ಬೆಳೆದಿದೆ ಅನ್ನುವುದು ಕೂಡ ಇದಕ್ಕೇ, ಅದಕ್ಕಿಂತ ಕಡಿಮೆ ವ್ಯತ್ಯಾಸ ಅಳೆಯುವವನ ಕೈಯಲ್ಲೇ ಬರುತ್ತದೆ.

ನಿಮ್ಮ ಮಾವನದ್ದು ಎಂಟು ತಿಂಗಳಲ್ಲಿ ಹರಡಿತು ಅಂದರೆ ಅದು ಬೇರೆ ಜಾತಿ. ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಆ ಅಳತೆಗೋಲು ಇಲ್ಲಿ ಹಿಡಿಯಬೇಡಿ.

ಕುಂಬಳೆ ಎಕ್ಸ್‌ಪ್ರೆಸ್:
ರಿಪೋರ್ಟ್ ತೆಗೆದು ನೋಡಿದೆ. ಸಾಲಿಡ್, 24 ಮಿ.ಮೀ. ಅಂತ ಉಂಟು. ದಿನಕ್ಕೆ ಎರಡು ಕಟ್ಟು ಬೀಡಿ ಎಳೆಯುತ್ತಿದ್ದರು. ಸರಿ, ಬೇರೆ ಜಾತಿಯೇ ಇರಬಹುದು. ಆದರೂ ನನಗಾದರೆ ಕಾಯಲು ಆಗುವುದಿಲ್ಲ.

ಹೊಸಂಗಡಿ ಹುಡುಗ:
ನನ್ನ ಚಿಕ್ಕಪ್ಪನಿಗೆ ಹೀಗೇ ಇತ್ತು, ಎರಡು ತಿಂಗಳು ಕಷಾಯ ಕುಡಿದರು, ಪೂರ್ತಿ ಕರಗಿತು. ಇಂಗ್ಲಿಷ್ ಮದ್ದಿನವರು ಒಪ್ಪುವುದಿಲ್ಲ ಬಿಡಿ.

ಮುಳ್ಳೇರಿಯದ ಸೊಸೆ:
@ಹೊಸಂಗಡಿ ನಮ್ಮ ಅತ್ತೆಯದ್ದೂ ಮೂರು ತಿಂಗಳಲ್ಲಿ ಮಾಯವಾಯಿತು. ಅವರು ಕುಡಿದದ್ದು ಬರೀ ಗಂಜಿ ತಿಳಿ. 😀 ಅದಕ್ಕೆ ಮೊದಲು ಅವರಿಗೆ ನ್ಯುಮೋನಿಯಾ ಆಗಿತ್ತು, ಅದರ ಗುರುತು ಉಳಿದದ್ದಂತೆ.

ದೂರದೂರಿನ ಡಾಕ್ಟರ್:
ಅದೇ ಹೇಳಿದ್ದು. ಹೋಗುವಂಥದ್ದು ಹೋಗುತ್ತದೆ, ಕೊನೆಗೆ ಯಾವ ಲೋಟ ಕೈಯಲ್ಲಿತ್ತೋ ಅದಕ್ಕೆ ಹೆಸರು ಬರುತ್ತದೆ. ಆಂಟಿಬಯಾಟಿಕ್ ಬರೆಯುವ ಡಾಕ್ಟ್ರಿಗೂ ಇದೇ ಮಾತು. ಜ್ವರ ಕೆಮ್ಮು ಇಲ್ಲದವರಿಗೆ ಅದರ ಅಗತ್ಯ ಇಲ್ಲ.

ಬಾಯಾರಿನ ಅಕ್ಕ:
ನಮ್ಮನೆಯವರದ್ದು ಹೇಳುತ್ತೇನೆ. ಅವರದ್ದು ಪಾರ್ಟ್ ಸಾಲಿಡ್, ಒಟ್ಟು 14 ಮಿ.ಮೀ., ಗಟ್ಟಿ ಭಾಗ 7. ಮೊದಲು ಒಂದು ಕಡೆ ಪೆಟ್ ಸ್ಕ್ಯಾನ್ ಮಾಡಿಸಿದರು, ಒಂದು ಗೋಣಿ ಅಡಿಕೆಯ ದುಡ್ಡು ಹೋಯಿತು. ಅದರಲ್ಲಿ ಏನೂ ಹೊಳೆಯಲಿಲ್ಲ. ಕ್ಯಾನ್ಸರ್ ಇಲ್ಲ ಅಂತ ನಾವು ದೇವಸ್ಥಾನಕ್ಕೆ ಹೋಗಿ ಪೂಜೆಯನ್ನೂ ಮಾಡಿಸಿ ಬಂದೆವು. ನಾಲ್ಕು ತಿಂಗಳ ಮೇಲೆ ಸಿಟಿ ಮಾಡಿದರೆ ಅದು ಅಲ್ಲೇ ಕುಳಿತಿತ್ತು. ಎರಡನೆಯ ಡಾಕ್ಟ್ರು ಪೆಟ್ ರಿಪೋರ್ಟನ್ನು ಬದಿಗೆ ಸರಿಸಿ, ಇಂಥದ್ದಕ್ಕೆ ಇದರ ಮೇಲೆ ನಂಬಿಕೆ ಇಡಬೇಡಿ ಅಂದರು.

ಆಪರೇಷನ್ ಆಯಿತು. ಪಕ್ಕೆಯಲ್ಲಿ ಸಣ್ಣ ತೂತು ಮಾಡಿ ಶ್ವಾಸಕೋಶದ ಒಂದು ಭಾಗ ಮಾತ್ರ ತೆಗೆದರು. ಕತ್ತರಿಸಿದ್ದಕ್ಕಿಂತ ಆಮೇಲಿನ ಟ್ಯೂಬೇ ಕಷ್ಟ. ಪಕ್ಕೆಯಿಂದ ಒಂದು ಕೊಳವೆ, ಮಂಚದ ಕೆಳಗೆ ನೀರಿನ ಬಾಟಲಿ. ಕೆಮ್ಮಿದಾಗೆಲ್ಲ ಅದರಲ್ಲಿ ಗುಳುಗುಳು ಗುಳ್ಳೆ. ಗುಳ್ಳೆ ನಿಂತರೆ ಮನೆಗೆ ಅಂದಿದ್ದರು. ಐದು ದಿನ ನಾನು ಅವರ ಮುಖ ನೋಡಲಿಲ್ಲ, ಬಾಟಲಿಯನ್ನೇ ನೋಡುತ್ತಾ ಕೂತಿದ್ದೆ. ಆರನೆಯ ದಿನ ಬೆಳಿಗ್ಗೆ ಕೆಮ್ಮಿದರು, ನೀರು ಅಲ್ಲಾಡಿತು, ಗುಳ್ಳೆ ಬರಲಿಲ್ಲ.

ಬಯಾಪ್ಸಿಯಲ್ಲಿ ಮಿನಿಮಲಿ ಇನ್ವೇಸಿವ್ ಅಂತ ಬಂತು. ಕೀಮೋ ಬೇಡ ಅಂದರು. ಮೂರು ವರ್ಷವಾಯಿತು, ಈ ಸಲ ತೋಟಕ್ಕೆ ಗೊಬ್ಬರ ಹೊತ್ತಿದ್ದಾರೆ.

ಪೆರ್ಲದ ಮಾಣಿ:
ಅಕ್ಕ, ತುಂಬಾ ಧೈರ್ಯ ಬಂತು. ಆದರೆ ಪೆಟ್ ಯಾಕೆ ಹಿಡಿಯಲಿಲ್ಲ? ಅದೇ ದೊಡ್ಡ ಪರೀಕ್ಷೆ ಅಲ್ವಾ?

ದೂರದೂರಿನ ಡಾಕ್ಟರ್:
ಪೆಟ್ ನೋಡುವುದು ಸಕ್ಕರೆಯನ್ನು ಯಾರು ಜಾಸ್ತಿ ತಿನ್ನುತ್ತಾರೆ ಅಂತ. ಈ ಮಬ್ಬಿನಲ್ಲಿ ಕೋಶ ಕಡಿಮೆ, ಗಾಳಿ ಜಾಸ್ತಿ, ಬೆಳೆಯುವುದೂ ನಿಧಾನ. ಸಕ್ಕರೆ ತಿನ್ನುವುದಿಲ್ಲ, ಹಾಗಾಗಿ ಹೊಳೆಯುವುದಿಲ್ಲ. ಅದೇ ಹಳೆಯ ಟಿಬಿ ಗಂಟು ಕೆಲವೊಮ್ಮೆ ಝಗಮಗ ಹೊಳೆಯುತ್ತದೆ. ನಮ್ಮ ದೇಶದಲ್ಲಿ ಈ ಗೊಂದಲ ದಿನಾ ಇದ್ದದ್ದೇ. 8 ಮಿ.ಮೀ. ಪ್ಯೂರ್ ಮಬ್ಬಿಗೆ ಸೂಜಿ ಬಯಾಪ್ಸಿ ಮಾಡುವುದೂ ಸುಲಭ ಅಲ್ಲ. ಸೂಜಿ ಮಬ್ಬಿನ ಪಕ್ಕಕ್ಕೆ ಹೋದರೆ "ಕ್ಯಾನ್ಸರ್ ಸಿಗಲಿಲ್ಲ" ಅಂತ ಬರುತ್ತದೆ, ಅದಕ್ಕೆ ಬೆಲೆ ಇಲ್ಲ. ಮೇಲಿಂದ ಶ್ವಾಸಕೋಶದಿಂದ ಗಾಳಿ ಸೋರುವ ಅಪಾಯ.

ಅಕ್ಕ ಹೇಳಿದ ಮಿನಿಮಲಿ ಇನ್ವೇಸಿವ್ ಬಗ್ಗೆ: ಇದಕ್ಕೆ ಮೆಟ್ಟಿಲುಗಳಿವೆ. ಮೊದಲು ಎಎಎಚ್, ಅಂದರೆ ಕೋಶಗಳು ಅಸಹಜವಾಗಿ ಹೆಚ್ಚಿದ್ದು, ಇನ್ನೂ ಕ್ಯಾನ್ಸರ್ ಅಲ್ಲ. ಆಮೇಲೆ ಎಐಎಸ್, ಅಂದರೆ ಶ್ವಾಸಕೋಶದ ಗಾಳಿಗೂಡಿನ ಗೋಡೆಗುಂಟ ಹಬ್ಬಿದ್ದು ಒಳಗೆ ನುಗ್ಗಿಲ್ಲ. ನುಗ್ಗಿದ್ದು 5 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಿನಿಮಲಿ ಇನ್ವೇಸಿವ್. ಅದಕ್ಕಿಂತ ಮುಂದಿನದು ಪೂರ್ಣ ಅಡಿನೋಕಾರ್ಸಿನೋಮಾ, ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್. ಎಐಎಸ್, ಮಿನಿಮಲಿ ಇನ್ವೇಸಿವ್ ಅನ್ನುವ ಹೆಸರು ಬಂದದ್ದು 2011ರಲ್ಲಿ. 2021ರ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಂತೂ ಎಐಎಸ್ ಅನ್ನು ಕ್ಯಾನ್ಸರಿನ ಪೂರ್ವ ಹಂತದ ಜೊತೆ ಕೂರಿಸಿದ್ದಾರೆ. ಮೊದಲ ಮೂರು ಮೆಟ್ಟಿಲಲ್ಲಿ ಪೂರ್ತಿ ತೆಗೆದರೆ ಮತ್ತೆ ಬರುವುದು ತೀರಾ ಅಪರೂಪ. ಎಲ್ಲರೂ ಎಲ್ಲಾ ಮೆಟ್ಟಿಲು ಹತ್ತುತ್ತಾರೆ ಅಂತಲೂ ಇಲ್ಲ, ಎಷ್ಟೋ ಮಬ್ಬು ವರ್ಷಗಟ್ಟಲೆ ಇದ್ದಲ್ಲೇ ಇರುತ್ತದೆ.

ಎಣ್ಮಕಜೆ ಗುಡ್ಡೆ:
ಎಲ್ಲಾ ಸರಿ. ಪೆರ್ಲ ಅಂದರೆ ನಮ್ಮ ಪಂಚಾಯತೇ ಅಲ್ವಾ. 70ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದರಲ್ಲ, ಅದರ ಬಗ್ಗೆ ಯಾಕೆ ಯಾರೂ ಬಾಯಿ ಬಿಡುವುದಿಲ್ಲ? 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸುವ ಹೊತ್ತಿಗೆ ನಮ್ಮ ಮಕ್ಕಳ ಗತಿ ಎಲ್ಲರಿಗೂ ಗೊತ್ತು.

ದೂರದೂರಿನ ಡಾಕ್ಟರ್:
ಆ ಸಿಟ್ಟು ನನಗೂ ಉಂಟು, ನಮ್ಮ ಮನೆಯೂ ಅಲ್ಲೇ. ಆದರೆ ಒಂದು ಮಬ್ಬಿನ ಚಿತ್ರ ನೋಡಿ ಇದು ಇಂಥದ್ದರಿಂದ ಬಂತು ಅಂತ ಹೇಳಲು ಆಗುವುದಿಲ್ಲ. ಬೀಡಿ ಮುಟ್ಟದ ಹೆಂಗಸರಲ್ಲಿ ಅಡಿನೋಕಾರ್ಸಿನೋಮಾ ಬರುವುದು ಜಪಾನ್, ಕೊರಿಯಾ, ಚೀನಾದಲ್ಲೂ ಸಾಮಾನ್ಯ. ಅವರಲ್ಲಿ ಇಜಿಎಫ್‌ಆರ್ ಎಂಬ ಜೀನ್ ಬದಲಾವಣೆ ಹೆಚ್ಚಾಗಿ ಸಿಗುತ್ತದೆ.

ಹೊಸಂಗಡಿ ಹುಡುಗ:
ಮತ್ತೆ ಮೈಲುತುತ್ತು? ಅಪ್ಪ 30 ವರ್ಷ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತು ಸುಣ್ಣದ ದ್ರಾವಣ, ಬಿಟ್ಟವರು. ಅಂಗಿ ನೀಲಿ, ಉಗುರು ನೀಲಿ.

ನೀರ್ಚಾಲು ಮಾಷ್ಟ್ರು:
ಪೋರ್ಚುಗಲ್ಲಿನ ದ್ರಾಕ್ಷಿ ತೋಟದಲ್ಲಿ ಬೋರ್ಡೋ ಸಿಂಪಡಿಸುತ್ತಿದ್ದವರ ಶ್ವಾಸಕೋಶದ ಕಾಯಿಲೆ ಬಗ್ಗೆ 1969ರಲ್ಲೇ ವರದಿಯಾಗಿದೆ. ಮೂಗಿಗೆ ಬೈರಾಸು ಕಟ್ಟಿದರೆ ಸಾಲದು, ಸರಿಯಾದ ಮಾಸ್ಕ್ ಹಾಕಿ.

ಮುಳ್ಳೇರಿಯದ ಸೊಸೆ:
ಗಂಡಸರಿಗೆ ಮೈಲುತುತ್ತು, ಹೆಂಗಸರಿಗೆ ಬಚ್ಚಲ ಹಂಡೆಯ ಒಲೆ. ಒದ್ದೆ ಅಡಿಕೆ ಸಿಪ್ಪೆ ಹಾಕಿ ಊದುತ್ತಾ ಕೂತರೆ ಕಣ್ಣು ಮೂಗು ಒಂದೇ. ಅದಕ್ಕೆ ಲೆಕ್ಕ ಇಲ್ವಾ ಡಾಕ್ಟ್ರೇ?

ದೂರದೂರಿನ ಡಾಕ್ಟರ್:
ಉಂಟು. ಮನೆಯೊಳಗಿನ ಸೌದೆ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಾದ ಐಎಆರ್‌ಸಿ 2ಎ ಗುಂಪಿಗೆ ಸೇರಿಸಿದೆ, ಅಂದರೆ ಕ್ಯಾನ್ಸರ್ ತರುವ ಸಂಭವ ಇದೆ ಅಂತ. ಕಲ್ಲಿದ್ದಲ ಹೊಗೆ 1ನೇ ಗುಂಪಿನಲ್ಲಿದೆ, ಅಂದರೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದದ್ದು.

ಮೇಲ್ವಿಚಾರಕ:
ಒಲೆ, ಮೈಲುತುತ್ತಿಗೆ ಬೇರೆ ಚರ್ಚೆ ತೆರೆಯಿರಿ. ಮಾಣಿಯ ಪ್ರಶ್ನೆಗೆ ಬನ್ನಿ.

ಉಪ್ಪಳದ ಸಿಟಿ ಟೆಕ್ನಿಷಿಯನ್:
ಬರುತ್ತೇನೆ. ಮಾಣಿ, ಒಂದು ಮುಖ್ಯ ವಿಷಯ ಯಾರೂ ಕೇಳಲಿಲ್ಲ. ಅಮ್ಮನ ಸಿಟಿ ಎಷ್ಟು ಮಿ.ಮೀ. ಸ್ಲೈಸ್, ಅಂದರೆ ಚಿತ್ರದ ಒಂದೊಂದು ಹೋಳು ಎಷ್ಟು ದಪ್ಪ? ಪಕ್ಕೆಲುಬಿಗೆ ಮಾಡಿದ್ದು ಅಂದರೆ ರಿಪೋರ್ಟ್ ಮಾಡುವಾಗ 5 ಮಿ.ಮೀ. ದಪ್ಪದ್ದು ನೋಡಿರಬಹುದು. 8 ಮಿ.ಮೀ. ಗಂಟನ್ನು 5 ಮಿ.ಮೀ. ಹೋಳಿನಲ್ಲಿ ನೋಡಿದರೆ ಒಳಗಿನ ಸಣ್ಣ ಗಟ್ಟಿ ಭಾಗ ಮಬ್ಬಿನ ಜೊತೆ ಕಲಸಿ ಹೋಗುತ್ತದೆ. ಪಾರ್ಟ್ ಸಾಲಿಡ್ ಇದ್ದದ್ದು ಪ್ಯೂರ್ ಅಂತ ಕಾಣುತ್ತದೆ. 1 ಅಥವಾ 1.5 ಮಿ.ಮೀ. ತೆಳು ಸ್ಲೈಸೇ ಬೇಕು. ಫಿಲ್ಮ್ ಶೀಟ್ ನೋಡಿ ಪ್ರಯೋಜನ ಇಲ್ಲ, ಸಿಡಿ ಒಳಗೆ ತೆಳು ಸೀರೀಸ್ ಇರಬಹುದು. ಸಿಡಿ ಎಲ್ಲಿದೆ?

ಇನ್ನೊಂದು, ಉಸಿರು. ಮೆಷಿನ್ ಒಳಗಿನ ಧ್ವನಿ ಇಂಗ್ಲಿಷೋ ಹಿಂದಿಯೋ ಏನೋ ಹೇಳುತ್ತದೆ. ನಮ್ಮ ಕಾಸರಗೋಡು ಏಳು ಭಾಷೆಯ ಊರು ಅಂತ ಹೆಮ್ಮೆ, ಆ ಧ್ವನಿಗೆ ಒಂದೂ ಬರುವುದಿಲ್ಲ. ಒಮ್ಮೆ ಒಬ್ಬರು ಅಜ್ಜಿ "ಹೋಲ್ಡ್" ಅಂದ ಕೂಡಲೇ ಮಂಚದ ಸರಳು ಗಟ್ಟಿ ಹಿಡಿದುಕೊಂಡರು, ಉಸಿರು ಧಾರಾಳ ಆಡುತ್ತಾ ಇತ್ತು. ಚಿತ್ರ ಪೂರ್ತಿ ಅಲುಗಾಡಿದೆ. ಅರ್ಧ ಉಸಿರು ಬಿಟ್ಟರೂ ಶ್ವಾಸಕೋಶ ತಾನೇ ಮಬ್ಬಾಗುತ್ತದೆ, ಅಳತೆ ತಪ್ಪುತ್ತದೆ. ಆಮೇಲಿಂದ ನಾನು ಸ್ಕ್ಯಾನಿಗೆ ಮೊದಲು ಮೂರು ಸಲ ಅಭ್ಯಾಸ ಮಾಡಿಸುತ್ತೇನೆ, ಕನ್ನಡದವರಿಗೆ ಕನ್ನಡ, ತುಳುವರಿಗೆ ತುಳು, ಬ್ಯಾರಿಗಳಿಗೆ ಬ್ಯಾರಿ. ಮನೆಯಲ್ಲೂ ಅಭ್ಯಾಸ ಮಾಡಿಸಿ: ಉಸಿರು ಎಳೆಯಿರಿ, ಹಿಡಿದುಕೊಳ್ಳಿ, ಹತ್ತು ಎಣಿಸಿ.

ಪೆರ್ಲದ ಮಾಣಿ:
ಅಣ್ಣ, ನಗಬೇಡಿ. ಸಿಡಿ ಎಲ್ಲಿ ಅಂತ ಅಮ್ಮನನ್ನು ಕೇಳಿದೆ. ತೊಂಡೆ ಚಪ್ಪರದಲ್ಲಿ ಉಂಟು. ಹಕ್ಕಿ ಓಡಿಸಲಿಕ್ಕೆ ದಾರ ಕಟ್ಟಿ ನೇತು ಹಾಕಿದ್ದಾರೆ. ಮಳೆಗೆ ನೆನೆದು, ಬೆನ್ನಲ್ಲಿ ಗೀರು ಬಿದ್ದು, ಒಂದು ಕಡೆ ಹಕ್ಕಿ ಹಿಕ್ಕೆ ಕೂಡ.

ಬಾಯಾರಿನ ಅಕ್ಕ:
ಅಯ್ಯೋ ದೇವರೇ 😂😂

ನೀರ್ಚಾಲು ಮಾಷ್ಟ್ರು:
ಹಕ್ಕಿ ಹೆದರಿತೇ?

ಉಪ್ಪಳದ ಸಿಟಿ ಟೆಕ್ನಿಷಿಯನ್:
ಸ್ಕ್ಯಾನ್ ಮಾಡಿದಲ್ಲಿಗೇ ಬೇಗ ಹೋಗಿ. ಅವರ ಸರ್ವರಿನಲ್ಲಿ ಇರುತ್ತದೆ, ಇನ್ನೊಂದು ಕಾಪಿ ಕೊಡುತ್ತಾರೆ. ತೆಳು ಸೀರೀಸನ್ನೂ ಹಾಕಿ ಅಂತ ಬಾಯಿ ಬಿಟ್ಟು ಕೇಳಿ. ಕೈಲಾದರೆ ಮುಂದಿನದನ್ನೂ ಅಲ್ಲೇ, ಅದೇ ಮೆಷಿನಿನಲ್ಲಿ ಮಾಡಿಸಿ. ಒಂದು ಮಂಗಳೂರು, ಇನ್ನೊಂದು ಕಾಸರಗೋಡು, ಮತ್ತೊಂದು ತಲಶ್ಶೇರಿ ಅಂತ ತಿರುಗಿದರೆ ಹೋಲಿಸುವುದು ಕಷ್ಟ. ಎಲ್ಲಿಗೆ ಹೋದರೂ ಹಳೆಯ ಸಿಡಿ ಕೈಯಲ್ಲಿರಲಿ.

ಕುಂಬಳೆ ಎಕ್ಸ್‌ಪ್ರೆಸ್:
ಅಲ್ಲೇ ಮಾಡಿಸುವುದು ಅಂದರೆ ಗಡಿ ತೆರೆದಿರಬೇಕಲ್ಲ! 2020ರಲ್ಲಿ ಕೊರೋನಾ ಅಂತ ಕರ್ನಾಟಕ ಕೇರಳ ಗಡಿಯ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಹಾಕಿದಾಗ ನಮ್ಮ ಕಾಗದ ಎಲ್ಲ ಆಚೆ, ನಾವು ಈಚೆ. ಮಾವನ ಫೈಲಿನ ಒಂದೊಂದು ಹಾಳೆಯ ಫೋಟೊ ತೆಗೆದು ಇಟ್ಟುಕೊಂಡದ್ದು ಆಮೇಲೆ.

ಮುಳ್ಳೇರಿಯದ ಸೊಸೆ:
ಪದೇ ಪದೇ ಸಿಟಿ ಮಾಡಿದರೆ ಅದರಿಂದಲೇ ಕ್ಯಾನ್ಸರ್ ಬರುತ್ತದೆ ಅಂತಾರಲ್ಲ?

ದೂರದೂರಿನ ಡಾಕ್ಟರ್:
ಲೋ ಡೋಸ್ ಸಿಟಿ ಅಂತ ಚೀಟಿಯಲ್ಲೇ ಬರೆಸಿ, ಕಾಂಟ್ರಾಸ್ಟ್ ಇಂಜೆಕ್ಷನ್ ಬೇಡ. ಅದರಲ್ಲಿ ವಿಕಿರಣ 1.5 ಮಿಲಿಸೀವರ್ಟ್ ಆಸುಪಾಸು. ನೆಲ, ಆಕಾಶದಿಂದ ನಮಗೆ ವರ್ಷಕ್ಕೆ ಬರುವುದೇ ಲೋಕದ ಸರಾಸರಿಯಲ್ಲಿ 2.4. ಐದು ವರ್ಷದಲ್ಲಿ ಮೂರು ಸ್ಕ್ಯಾನಿಗೆ ಹೆದರಬೇಡಿ. ಮೂರು ತಿಂಗಳಿಗೊಮ್ಮೆ ಮಾಡಿಸುತ್ತಾ ಇರುವುದು ಮಾತ್ರ ದಂಡ, ಇಷ್ಟು ನಿಧಾನದ್ದರಲ್ಲಿ ಅಷ್ಟು ಬೇಗ ಏನೂ ಗೊತ್ತಾಗುವುದಿಲ್ಲ.

ಪೆರ್ಲದ ಮಾಣಿ:
ಹೋಗಿ ಬಂದೆ. ಹೊಸ ಸಿಡಿ ಸಿಕ್ಕಿತು, 1.25 ಮಿ.ಮೀ. ಸೀರೀಸ್ ಇತ್ತು. ಮೊದಲಿನ ಡಾಕ್ಟ್ರ ಹತ್ತಿರ ಕೂತು ನೋಡಿಸಿದೆ. ಅವರು ದೊಡ್ಡದು ಮಾಡಿ ತೋರಿಸಿದರು, ನಿಜವಾಗಿ ಮಂಜಿನ ಹಾಗೇ ಉಂಟು, ಒಳಗೆ ಒಂದು ರಕ್ತನಾಳ ಹಾದು ಹೋಗುವುದು ಕಾಣುತ್ತದೆ. ಗಟ್ಟಿ ಭಾಗ ಇಲ್ಲ, ಪ್ಯೂರೇ ಅಂದರು. ಪೆಟ್ ಬೇಡ ಅಂತ ತೀರ್ಮಾನ ಮಾಡಿದ್ದೇವೆ. ಅಮ್ಮ ದಿನಾ ಸಂಜೆ ಭಜನೆ ಮುಗಿದ ಮೇಲೆ ಉಸಿರು ಹಿಡಿಯುವ ಅಭ್ಯಾಸ ಮಾಡುತ್ತಿದ್ದಾರೆ. ಹತ್ತು ಹೇಳಿದ್ದಕ್ಕೆ ಇಪ್ಪತ್ತು ಎಣಿಸುತ್ತಾರೆ.

ಕುಂಬಳೆ ಎಕ್ಸ್‌ಪ್ರೆಸ್:
ಆರು ತಿಂಗಳಾದ ಮೇಲೆ ಬರೆಯಲು ಮರೆಯಬೇಡಿ. ಇಲ್ಲಿ ಎಲ್ಲರೂ ಕೇಳಿ ಹೋಗುತ್ತಾರೆ, ಏನಾಯಿತು ಅಂತ ಯಾರೂ ಹೇಳುವುದಿಲ್ಲ.

ಪೆರ್ಲದ ಮಾಣಿ (ಏಳು ತಿಂಗಳ ನಂತರ):
ಮರೆತಿಲ್ಲ. ಮೊನ್ನೆ ಅದೇ ಮೆಷಿನಿನಲ್ಲಿ ಆಯಿತು. ಹೋಗಿಲ್ಲ. ಹಾಗೇ 8 ಮಿ.ಮೀ., ಹಾಗೇ ಮಬ್ಬು, ಗಟ್ಟಿ ಇಲ್ಲ. ಹೋಗಿದ್ದರೆ ಅಂತ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಇನ್ನು ಎರಡು ವರ್ಷ ಬಿಟ್ಟು. ಬೆಳೆದರೆ ಅಥವಾ ಗಟ್ಟಿ ಭಾಗ ಬಂದರೆ ತೆಗೆಯುವ ಮಾತು, ಆಗಲೂ ಸಣ್ಣ ಭಾಗ ಮಾತ್ರ ಸಾಕಾಗಬಹುದು ಅಂದರು. ಅಮ್ಮನಿಗೆ ಪೂರ್ತಿ ಬಿಡಿಸಿ ಹೇಳಿದೆ. "ಅದರ ಪಾಡಿಗೆ ಅದು ಇರಲಿ, ನನ್ನ ಪಾಡಿಗೆ ನಾನು" ಅಂದು ದನ ಕಟ್ಟಲು ಹೋದರು.

ದೂರದೂರಿನ ಡಾಕ್ಟರ್:
ಒಳ್ಳೆಯದು. ತಾರೀಕು ಕ್ಯಾಲೆಂಡರಿನಲ್ಲಿ ಈಗಲೇ ಬರೆದಿಡಿ. ಇಂಥವರಲ್ಲಿ ತೊಂದರೆ ಆಗುವುದು ಗಂಟಿನಿಂದಲ್ಲ, ಎರಡನೆಯ ಸ್ಕ್ಯಾನ್ ಚೆನ್ನಾಗಿ ಬಂತು ಅಂತ ಮೂರನೆಯದನ್ನು ಮರೆಯುವುದರಿಂದ.

ಕುಂಬಳೆ ಎಕ್ಸ್‌ಪ್ರೆಸ್:
ನಾನಾದರೆ ಈಗಲೂ ತೆಗೆಸುತ್ತಿದ್ದೆ. ಆದರೆ ಖುಷಿಯಾಯಿತು ಮಾಣಿ.

ಉಪ್ಪಳದ ಸಿಟಿ ಟೆಕ್ನಿಷಿಯನ್:
ಸಿಡಿ ಎಲ್ಲಿಟ್ಟಿದ್ದೀರಿ?

ಪೆರ್ಲದ ಮಾಣಿ:
ಎರಡೂ ಅಡಿಕೆ ಮಾರಿದ ಚೀಟಿಯ ಡಬ್ಬದಲ್ಲಿ, ಬೀಗ ಹಾಕಿ. ಹಳೆಯದು ಚಪ್ಪರದಲ್ಲೇ ಉಂಟು. ಮಾಷ್ಟ್ರೇ, ಹಕ್ಕಿ ಹೆದರುವುದಿಲ್ಲ, ಅದರ ಮೇಲೆಯೇ ಕೂರುತ್ತದೆ.